ರೊಟ್ಟಿಯ ಮೇಲೆ ರಂಜಕ ಮಾತ್ರ

ಇವರನ್ನು ಶಾಂತವ್ವ ಎಂದು ಕರೆಯುತ್ತೇನೆ. ಗುರುತು ಸಿಗಬಾರದೆಂದು ಹೆಸರಿನ ಜೊತೆಗೆ ವಯಸ್ಸು, ಮನೆಯ ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 34, ಹಾವೇರಿ ಜಿಲ್ಲೆಯ ಬ್ಯಾಡಗಿ ಸೀಮೆಯವರು. ಸುಗ್ಗಿಯ ತಿಂಗಳುಗಳಲ್ಲಿ ಒಣಮೆಣಸಿನಕಾಯಿಯ ತುಂಬು (ತೊಟ್ಟು) ಬಿಡಿಸುವ ಕೂಲಿ ಕೆಲಸ. ವೈದ್ಯರು ಆಹಾರ ಸಲಹೆಗೆಂದು ನನ್ನ ಬಳಿಗೆ ಕಳುಹಿಸಿದಾಗ ಚೀಟಿಯಲ್ಲಿ, 12 ಇರಬೇಕಾದ ಹಿಮೋಗ್ಲೋಬಿನ್ 8.4 ಎಂದಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕೊಟ್ಟಿದ್ದ ಕಬ್ಬಿಣದ ಮಾತ್ರೆಯನ್ನು ಹೊಟ್ಟೆ ಉರಿಯುತ್ತದೆಂದು ವಾರದೊಳಗೆ ಬಿಟ್ಟಿದ್ದರು.

ಏನು ಊಟ ಮಾಡುತ್ತೀರಿ ಎಂದು ಕೇಳಿದೆ. "ರೊಟ್ಟಿ, ಪಲ್ಯ, ಬೇಳೆ" ಎಂದರು. ಮನೆಯಲ್ಲಿ ಏನು ಅಡುಗೆಯಾಗುತ್ತದೆ ಎಂದು ಕೇಳಿದರೆ ಎಲ್ಲ ಹೆಣ್ಣುಮಕ್ಕಳೂ ಹೀಗೆಯೇ ಹೇಳುತ್ತಾರೆ. ಹಾಗಾಗಿ, ನಿನ್ನೆ ರಾತ್ರಿ ನಿಮ್ಮ ತಟ್ಟೆಯಲ್ಲಿ ಏನಿತ್ತು ಎಂದು ಮತ್ತೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ರೊಟ್ಟಿ, ರಂಜಕ, ಒಂದು ಹಸಿಮೆಣಸಿನಕಾಯಿ. ಎಲ್ಲರದ್ದೂ ಆದ ಮೇಲೆ ನಾನು ಉಣ್ಣುವುದು. ಅಷ್ಟರಲ್ಲಿ ಪಲ್ಯ ಉಳಿದಿರುವುದಿಲ್ಲ" ಎಂದರು. ರಂಜಕವೆಂದರೆ ಕೆಂಪು ಮೆಣಸಿನಕಾಯಿಯ ಖಾರ ಚಟ್ನಿ. ಆಮೇಲೆ ನನಗೇ ಸಮಾಧಾನ ಹೇಳುವವರಂತೆ, "ಕೆಂಪು ಖಾರ ತಿಂದರೆ ರಕ್ತ ಕೆಂಪಾಗುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಾರೆ" ಎಂದು ಸೇರಿಸಿದರು.

ಈ ನಂಬಿಕೆಯನ್ನು ತಳ್ಳಿಹಾಕಲು ನನಗೆ ಅವಸರವಿರಲಿಲ್ಲ. ಮೆಣಸಿನಕಾಯಿ ಅವರ ಅನ್ನದ ದಾರಿ, ಊರಿನ ಹೆಮ್ಮೆ. 2011ರಲ್ಲಿ ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆ ಪಡೆದ ಬೆಳೆ. ಅದರಲ್ಲಿ ಸತ್ವವೂ ಇದೆ. ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1930ರ ದಶಕದಲ್ಲಿ ವಿಟಮಿನ್ ಸಿಯನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿದ್ದು ಸೆಗೆಡ್ ಊರಿನ ಮೆಣಸಿನಕಾಯಿಯಿಂದಲೇ. ಧಾನ್ಯ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣ ಮೈಗೆ ಹತ್ತಲು ವಿಟಮಿನ್ ಸಿ ನೆರವಾಗುತ್ತದೆ. ಕೆಂಪು ಮೆಣಸಿನಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೊಟಿನ್ ಕೂಡ ಇದೆ.

ಆದರೆ ಪ್ರಮಾಣ ಎಷ್ಟು? ಲೆಕ್ಕವನ್ನು ಅವರ ಎದುರಿಗೇ ಹಾಕಿದೆ. 100 ಗ್ರಾಂ ಹಸಿಮೆಣಸಿನಲ್ಲಿ ತಳಿ ನೋಡಿಕೊಂಡು 100 ಮಿಲಿಗ್ರಾಂ ಆಚೀಚೆ ವಿಟಮಿನ್ ಸಿ ಇರುತ್ತದೆ. ಒಂದು ಕಾಯಿ ಐದು ಗ್ರಾಂ ತೂಗಿದರೆ ಸಿಗುವುದು ಐದಾರು ಮಿಲಿಗ್ರಾಂ. ಹೆಂಗಸಿಗೆ ದಿನಕ್ಕೆ ಬೇಕಾದದ್ದು 65. ಒಂದು ಪೇರಲ ಹಣ್ಣು ತಿಂದರೆ ಅದಕ್ಕಿಂತ ಹೆಚ್ಚೇ ದೊರೆಯುತ್ತದೆ. ಕಾಯಿ ಒಣಗಿದಾಗ ಆ ವಿಟಮಿನ್ ಬಹುಪಾಲು ಹೋಗುತ್ತದೆ. ಬ್ಯಾಡಗಿಯ ಆ ಚೆಂದದ ಕೆಂಪು ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯದ್ದು, ಕಬ್ಬಿಣದ್ದಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಥಾಯ್ಲೆಂಡಿನ ಯುವತಿಯರ ಊಟಕ್ಕೆ ನಾಲ್ಕು ಗ್ರಾಂನಷ್ಟು ಒಣಮೆಣಸು ಬೆರೆತಾಗ ಕಬ್ಬಿಣದ ಹೀರಿಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಇದಾವುದೂ ಅಲ್ಲ. ಖಾರವಿದ್ದರೆ ಬರಿ ರೊಟ್ಟಿಯೂ ಗಂಟಲಿಗೆ ಇಳಿಯುತ್ತದೆ. ನಾಲಿಗೆಗೆ ಊಟವಾಯಿತು ಅನ್ನಿಸುತ್ತದೆ, ಮನೆಯವರ ಕಣ್ಣಿಗೂ ಹಾಗೆಯೇ ಕಾಣುತ್ತದೆ. ವರ್ಷಗಟ್ಟಲೆ ಶಾಂತವ್ವನ ಪಾಲಿನ ಪಲ್ಯ, ಕಾಳು ಎಲ್ಲಿ ಹೋಯಿತೆಂದು ಯಾರೂ ಕೇಳದಂತೆ ರಂಜಕ ಆ ಜಾಗವನ್ನು ತುಂಬಿತ್ತು.

ಹೊಟ್ಟೆಯುರಿಯ ಬಗ್ಗೆ ಕೆದಕಿದಾಗ ಇನ್ನೊಂದು ಸಂಗತಿ ಹೊರಬಂತು. ದಿನವಿಡೀ ಕುಳಿತು ಸೊಂಟ ನೋಯುತ್ತದೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರು, ಅದೂ ಖಾಲಿ ಹೊಟ್ಟೆಯಲ್ಲಿ. ಖಾರ ಉರಿಯನ್ನು ಹೆಚ್ಚಿಸಬಹುದು. ಆದರೆ ಹೊಟ್ಟೆಯ ಹುಣ್ಣಿಗೆ ಮುಖ್ಯ ಕಾರಣ ಎಚ್. ಪೈಲೋರಿ ಬ್ಯಾಕ್ಟೀರಿಯ ಮತ್ತು ಇಂಥ ಮಾತ್ರೆಗಳು. ಹುಣ್ಣಿನಿಂದ ರಕ್ತ ಒಸರುತ್ತಿದ್ದರೆ ಯಾವ ಆಹಾರದಿಂದಲೂ ಅದನ್ನು ತುಂಬಿಸಲಾಗದು. ಆಹಾರದ ಮಾತನ್ನು ಅಲ್ಲಿಗೇ ನಿಲ್ಲಿಸಿ ಅವರನ್ನು ಮತ್ತೆ ವೈದ್ಯರ ಬಳಿಗೆ ಕಳುಹಿಸಿದೆ. ಪರೀಕ್ಷೆಯಲ್ಲಿ ಹುಣ್ಣು ಕಾಣಲಿಲ್ಲ, ನೋವಿನ ಮಾತ್ರೆ ನಿಂತಿತು.

ಎರಡನೆಯ ಭೇಟಿಗೆ ಅತ್ತೆಯವರನ್ನೂ ಕರೆಸಿಕೊಂಡೆ. ಮೆಣಸಿನಕಾಯಿ ಬಿಡಿ ಎಂದು ನಾನು ಹೇಳಲಿಲ್ಲ. ರಂಜಕ ಒಂದು ಚಮಚಕ್ಕೆ ಇಳಿಯಲಿ, ಅದರಲ್ಲಿ ಉಪ್ಪೂ ಬಹಳ. ಹಸಿಮೆಣಸು ಇರಲಿ, ಆದರೆ ಮೊಳಕೆ ಬಂದ ಹೆಸರುಕಾಳು, ಹಸಿ ಮೆಂತ್ಯ, ಹಕ್ಕರಕಿ ಸೊಪ್ಪಿನ ಜೊತೆಗೆ, ಮೇಲೊಂದಿಷ್ಟು ನಿಂಬೆರಸ ಹಿಂಡಿಕೊಂಡು. ಮನೆಯಲ್ಲಿಯೇ ಇದ್ದ ಗುರೆಳ್ಳು ಮತ್ತು ಶೇಂಗಾ ಚಟ್ನಿಪುಡಿ ಶಾಂತವ್ವನ ರೊಟ್ಟಿಗೂ ಬರಲಿ. ಕಬ್ಬಿಣದ ಮಾತ್ರೆಯನ್ನು ಅವರು ಚಹಾದ ಜೊತೆ ನುಂಗುತ್ತಿದ್ದರು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಒಂದು ಗಂಟೆಯಾದರೂ ಅಂತರವಿರಲಿ ಎಂದೆ. ಹೊಟ್ಟೆ ಉರಿದರೆ ವೈದ್ಯರಿಗೆ ತಿಳಿಸಿ ಊಟವಾದ ಮೇಲೆ ತೆಗೆದುಕೊಳ್ಳಬಹುದು, ನಿಲ್ಲಿಸುವುದು ಬೇಡ. ಕೊನೆಯ ಮಾತನ್ನು ಅತ್ತೆಯವರ ಕಡೆಗೆ ತಿರುಗಿ ಹೇಳಿದೆ: ಅಡುಗೆಯಾದ ಕೂಡಲೇ ಸೊಸೆಯ ಪಾಲಿನ ಪಲ್ಯವನ್ನು ಬಟ್ಟಲಿಗೆ ತೆಗೆದು ಮುಚ್ಚಿಡಿ. ಅವರು ತಲೆ ತಗ್ಗಿಸಿ, "ನನಗೂ ಯಾರೂ ತೆಗೆದಿಡಲಿಲ್ಲ" ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಉಳಿದಿದೆ. ಅಂದೇ ಅವರ ರಕ್ತಪರೀಕ್ಷೆಗೂ ಚೀಟಿ ಬರೆಸಿದೆವು.

ಮೂರು ತಿಂಗಳ ನಂತರ ಶಾಂತವ್ವನ ಹಿಮೋಗ್ಲೋಬಿನ್ 10.6. ಇನ್ನೂ 12 ಮುಟ್ಟಬೇಕು, ಮಾತ್ರೆ ಮುಂದುವರಿಯುತ್ತದೆ. ಬಟ್ಟಲು ಮುಚ್ಚಿಡುವುದು ನಡೆದಿದೆ. ನೆಂಟರು ಬಂದ ದಿನ ಮಾತ್ರ ಆ ಬಟ್ಟಲೂ ಪಂಕ್ತಿಗೆ ಹೋಗುತ್ತದಂತೆ. ಮುಂದಿನ ಭೇಟಿಗೆ ಗಂಡನನ್ನೂ ಕರೆತರಲು ಹೇಳಿದ್ದೇನೆ.