ಮುಂದೆ ಹೋದ ವಿಮಾನದ ಎಚ್ಚರಿಕೆ ಹಿಂದೆ ಬರುವ ವಿಮಾನಕ್ಕೆ ತಲುಪುವುದು ಹೇಗೆ?

ಪ್ರಶ್ನೆ: ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ, ವಿಮಾನ ಕುಲುಕುವುದಕ್ಕೆ ಸಾಕಷ್ಟು ಮೊದಲೇ ಸೀಟ್ ಬೆಲ್ಟ್ ಕಟ್ಟಿಕೊಳ್ಳುವಂತೆ ಪೈಲಟ್ ಹೇಳಿದ್ದರು. ವಾಪಸು ಬರುವಾಗ ಯಾವ ಸೂಚನೆಯೂ ಇಲ್ಲದೆ ಜೋರಾಗಿ ಕುಲುಕಿ, ಗಗನಸಖಿಯೊಬ್ಬರು ಬಿದ್ದು ಪೆಟ್ಟು ಮಾಡಿಕೊಂಡರು. ಅದೇ ದಾರಿಯಲ್ಲಿ ಮುಂದೆ ಹೋದ ವಿಮಾನದವರು ಹಿಂದಿನವರಿಗೆ ಹೇಳುವ ಪದ್ಧತಿ ಇಲ್ಲವೇ?
– ಓದುಗರು, ಹಾಸನ

ಉತ್ತರ: ಪದ್ಧತಿ ಇದೆ, ನಿಯಮವೂ ಇದೆ. ವಿಮಾನವನ್ನು ಕುಲುಕಿಸುವ ಗಾಳಿಯ ಕದಡಾಟಕ್ಕೆ ಟರ್ಬ್ಯುಲೆನ್ಸ್ ಎನ್ನುತ್ತಾರೆ. ಸಾಧಾರಣ ಅಥವಾ ತೀವ್ರ ಟರ್ಬ್ಯುಲೆನ್ಸ್‌ಗೆ ಸಿಕ್ಕಿದ ಪೈಲಟ್, ಎಲ್ಲಿ, ಯಾವಾಗ, ಎಷ್ಟು ಎತ್ತರದಲ್ಲಿ ಎಂಬುದನ್ನು ವಾಯು ಸಂಚಾರ ನಿಯಂತ್ರಕರಿಗೆ ರೇಡಿಯೊದಲ್ಲಿ ತಿಳಿಸಬೇಕು. ನಿಯಂತ್ರಕರು ಅದನ್ನು ಅದೇ ದಾರಿಯ ಇತರ ವಿಮಾನಗಳಿಗೂ ಹವಾಮಾನ ಕಚೇರಿಗೂ ದಾಟಿಸುತ್ತಾರೆ. ತೀವ್ರವಾದದ್ದಿದ್ದರೆ ಹವಾಮಾನ ಕಚೇರಿ ‘ಸಿಗ್ಮೆಟ್’ ಎಂಬ ಎಚ್ಚರಿಕೆಯನ್ನು ಹೊರಡಿಸುತ್ತದೆ; ಬೆಂಗಳೂರಿನ ಮೇಲಿನ ಆಕಾಶ ಚೆನ್ನೈ ವಾಯು ವಲಯಕ್ಕೆ ಸೇರಿರುವುದರಿಂದ ಇಲ್ಲಿಗೆ ಅದು ಚೆನ್ನೈನಿಂದ ಬರುತ್ತದೆ.

ಪ್ರಯಾಣಿಕರ ಕಣ್ಣಿಗೆ ಬೀಳದ ಇನ್ನೊಬ್ಬರು ವಿಮಾನ ಸಂಸ್ಥೆಯ ಡಿಸ್ಪ್ಯಾಚರ್. ಹಾರಾಟದ ದಾರಿಯನ್ನೂ ಇಂಧನವನ್ನೂ ಲೆಕ್ಕ ಹಾಕಿ ಕೊಡುವ ಇವರು, ವಿಮಾನ ಹೊರಟ ಮೇಲೂ ನೆಲದಲ್ಲಿ ಕುಳಿತು ಅದರ ಮುಂದಿನ ಹವಾಮಾನವನ್ನು ಗಮನಿಸುತ್ತ, ಬೇಕಾದರೆ ಕಾಕ್‌ಪಿಟ್‌ಗೆ ಲಿಖಿತ ಸಂದೇಶ ಕಳಿಸುತ್ತಾರೆ. ಆದರೆ ಪೈಲಟ್ ಮತ್ತು ನಿಯಂತ್ರಕರ ನಡುವಿನ ರೇಡಿಯೊ ಮಾತು ಸಾಮಾನ್ಯವಾಗಿ ಇವರ ಕಿವಿಗೆ ಬೀಳುವುದಿಲ್ಲ. ಇವರಿಗೆ ಬಂದ ವರದಿಯಾದರೋ ತಮ್ಮ ಸಂಸ್ಥೆಯೊಳಗೇ ಉಳಿದು, ಹತ್ತು ನಿಮಿಷ ಹಿಂದೆ ಬರುತ್ತಿರುವ ಬೇರೊಂದು ಸಂಸ್ಥೆಯ ವಿಮಾನಕ್ಕೆ ತಲುಪದೇ ಹೋಗಬಹುದು. ನಿಯಂತ್ರಕರ ಮೊದಲ ಕರ್ತವ್ಯ ವಿಮಾನಗಳ ನಡುವೆ ಅಂತರ ಕಾಯುವುದು. ಒತ್ತಡದ ವೇಳೆಯಲ್ಲಿ ಅವರು ಕೇಳಿಸಿಕೊಂಡ ವರದಿ ಟೈಪ್ ಆಗಿ ಹವಾಮಾನ ಕಚೇರಿಗೆ ಹೋಗುವುದು ತಡವಾಗುತ್ತದೆ, ಕೆಲವೊಮ್ಮೆ ಹೋಗುವುದೇ ಇಲ್ಲ. ಪಕ್ಕದ ವಲಯದ ವಿಮಾನಗಳು ಬೇರೆ ತರಂಗಾಂತರದಲ್ಲಿರುವುದರಿಂದ ಅವಕ್ಕೂ ಆ ಮಾತು ಕೇಳಿಸದು. ಮಾಹಿತಿ ಇರುವ ಜಾಗಕ್ಕೂ ಅದು ಬೇಕಾದ ಜಾಗಕ್ಕೂ ನಡುವಿನ ಈ ಕಂದಕವೇ ನನ್ನ ದೃಷ್ಟಿಯಲ್ಲಿ ಮುಖ್ಯ ಸಮಸ್ಯೆ.

ಉಪಕರಣಗಳೇ ಮೊದಲು ಕಂಡುಹಿಡಿಯಬಾರದೇ ಎಂದು ನೀವು ಕೇಳಬಹುದು. ವಿಮಾನದ ಮೂತಿಯಲ್ಲಿರುವ ರಾಡಾರ್ ನೀರಿನ ಹನಿಗಳನ್ನು ಗುರುತಿಸುತ್ತದೆ, ಒಣ ಗಾಳಿಯ ಸುಳಿಗಳನ್ನು ಗುರುತಿಸಲಾರದು. ನಿಮ್ಮೂರಿನ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ ನಿಭಾಯಿಸುವ ಇನ್ಸಾಟ್ ಹವಾಮಾನ ಉಪಗ್ರಹಗಳು ಗುಡುಗು ಮೋಡಗಳ ನೆತ್ತಿಯನ್ನು ಚೆನ್ನಾಗಿ ತೋರಿಸುತ್ತವೆ. ಆದರೆ ಅಂಥ ಮೋಡ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಬಹಳ ಬೆಳೆದುಬಿಡಬಲ್ಲದು. 2024ರ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ ತೀವ್ರ ಟರ್ಬ್ಯುಲೆನ್ಸ್‌ಗೆ ಸಿಕ್ಕಿ, ಪ್ರಯಾಣಿಕರೊಬ್ಬರು ಮೃತಪಟ್ಟು ಅನೇಕರು ಗಾಯಗೊಂಡರು. ಬೆಲ್ಟ್ ಕಟ್ಟದವರು ಮೇಲಕ್ಕೆ ಎಸೆಯಲ್ಪಟ್ಟಿರಬಹುದಾದ ಆ ಹಠಾತ್ ಬದಲಾವಣೆ ನಡೆದದ್ದು 0.6 ಸೆಕೆಂಡಿನಲ್ಲಿ ಎಂದು ಸಿಂಗಪುರದ ತನಿಖಾ ಸಂಸ್ಥೆಯ ಪ್ರಾಥಮಿಕ ವರದಿ ಹೇಳಿತು.

ಹಾಗಾಗಿ ಮುಂದೆ ಹೋದ ವಿಮಾನದ ಅನುಭವಕ್ಕಿಂತ ಒಳ್ಳೆಯ ಮುನ್ಸೂಚನೆ ಅನೇಕ ಸಲ ಇರುವುದಿಲ್ಲ. ಅದರಲ್ಲೂ ಒಂದು ತೊಡಕಿದೆ. ಶಿರಾಡಿ ಘಾಟಿಯ ಒಂದೇ ಗುಂಡಿ ಸ್ಕೂಟರಿನವರಿಗೆ ಒಂದು ಬಗೆ, ಬಸ್ಸಿನವರಿಗೆ ಇನ್ನೊಂದು ಬಗೆ ಅನಿಸುವಂತೆ, ದೊಡ್ಡ ವಿಮಾನದ ಪೈಲಟ್ ‘ಲಘು’ ಎಂದದ್ದು ಸಣ್ಣ ವಿಮಾನಕ್ಕೆ ಸಾಧಾರಣವೋ ತೀವ್ರವೋ ಆಗಬಹುದು. ಇದಕ್ಕೆ ಪರಿಹಾರವಾಗಿ ಬಂದಿರುವುದು ‘ಇಡಿಆರ್’ ಎಂಬ ಅಳತೆ: ವಿಮಾನ ಎಷ್ಟು ಕುಲುಕಿತು ಎಂಬುದರ ಬದಲು ಗಾಳಿಯೇ ಎಷ್ಟು ಕದಡಿದೆ ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕಿ, ಪೈಲಟ್ ಮಾತಾಡದೆಯೇ ನೆಲಕ್ಕೆ ಕಳಿಸುತ್ತದೆ. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಯಾಟಾ, ‘ಟರ್ಬ್ಯುಲೆನ್ಸ್ ಅವೇರ್’ ಎಂಬ ವ್ಯವಸ್ಥೆಯಲ್ಲಿ ಸದಸ್ಯ ಸಂಸ್ಥೆಗಳ ಇಂಥ ಅಳತೆಗಳನ್ನು, ಯಾವ ಸಂಸ್ಥೆಯದೆಂದು ತೋರಿಸದೆ, ಅದರಲ್ಲಿ ಸೇರಿರುವ ಎಲ್ಲರಿಗೂ ಹಂಚುತ್ತಿದೆ. ಸುರಕ್ಷತೆಯ ಮಾಹಿತಿ ವ್ಯಾಪಾರದ ಗುಟ್ಟಾಗಬಾರದು. ಇದು ಡಿಸ್ಪ್ಯಾಚರ್‌ಗಳ ಪರದೆಯ ಜೊತೆಗೆ ನಿಯಂತ್ರಕರ ಪರದೆಗೂ ಬರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2021ರ ಅಧ್ಯಯನದಲ್ಲಿ, 2009ರಿಂದ 2018ರವರೆಗೆ ಅಲ್ಲಿನ ವಿಮಾನ ಸಂಸ್ಥೆಗಳ ಅಪಘಾತಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಟರ್ಬ್ಯುಲೆನ್ಸ್‌ಗೆ ಸಂಬಂಧಿಸಿದವು ಎಂದು ಗುರುತಿಸಿತು. ಗಂಭೀರವಾಗಿ ಗಾಯಗೊಂಡವರಲ್ಲಿ ಹೆಚ್ಚಿನವರು, ನೀವು ಕಂಡ ಆ ಗಗನಸಖಿಯಂತೆ, ನಿಂತು ಕೆಲಸ ಮಾಡುತ್ತಿದ್ದ ಸಿಬ್ಬಂದಿ. ಐದು ನಿಮಿಷ ಮೊದಲು ಸುದ್ದಿ ಸಿಕ್ಕಿದರೂ ಅವರು ತಿಂಡಿಯ ಗಾಡಿಯನ್ನು ಒಳಗಿಟ್ಟು ಕುಳಿತುಕೊಳ್ಳಬಹುದು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಘಟ್ಟದ ಮೇಲೆ ಹಾದುಹೋಗುವ ಬೆಂಗಳೂರು–ಮಂಗಳೂರು ವಿಮಾನಗಳಿಗೂ ಈ ವ್ಯವಸ್ಥೆ ಉಪಯುಕ್ತವೇ?
– ಓದುಗರು, ಮೂಡಿಗೆರೆ

ಉತ್ತರ: ಉಪಯುಕ್ತವೇ, ಆದರೆ ಬಿಡುವು ಕಡಿಮೆ. ಮುಂಗಾರಿನ ಪಶ್ಚಿಮದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ಇತ್ತ ಇಳಿಯುವಾಗ ಕದಡುತ್ತದೆ. ಹಾರಾಟ ಸುಮಾರು ಒಂದು ಗಂಟೆಯದು. ಅದರ ಬಹುಭಾಗ ಏರುವುದರಲ್ಲಿ, ಇಳಿಯುವುದರಲ್ಲಿ ಕಳೆಯುವುದರಿಂದ ಡಿಸ್ಪ್ಯಾಚರ್ ಸಂದೇಶವನ್ನು ಓದುವ ಸಮಯವೂ ಪೈಲಟ್‌ಗೆ ಹೆಚ್ಚು ಸಿಗುವುದಿಲ್ಲ. ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಈಗಷ್ಟೇ ಹಾದುಹೋದವರು ರೇಡಿಯೊದಲ್ಲಿ ನಿಯಂತ್ರಕರಿಗೆ ಹೇಳಿದ ಮಾತು. ದೆಹಲಿ ದಾರಿಗೆ ಹೋಲಿಸಿದರೆ ಇಲ್ಲಿ ವಿಮಾನಗಳೂ ಕಡಿಮೆ, ವರದಿಗಳೂ ಕಡಿಮೆ. ಆದ್ದರಿಂದ ‘ಕುಲುಕಾಟವೇನೂ ಇರಲಿಲ್ಲ’ ಎಂಬ ವರದಿಯನ್ನೂ ಪೈಲಟ್‌ಗಳು ಕೊಟ್ಟರೆ, ಯಾವ ಎತ್ತರದಲ್ಲಿ ಹಾರುವುದು ಮೇಲೆಂದು ಹಿಂದೆ ಬರುವವರಿಗೆ ತಿಳಿಯುತ್ತದೆ.