ಕೂದಲು ಉದ್ದ ಇದ್ದರೆ ಪರ್ಷಿಯನ್ನಾ? ಬೆಕ್ಕಿನ ತಳಿ, ಬಣ್ಣದ ಬಗ್ಗೆ ಮೂರು ಪ್ರಶ್ನೆ

ಪ್ರಶ್ನೆ: ನಮ್ಮ ಮನೆಯ ಗಂಡು ಬೆಕ್ಕಿಗೆ ಈಗ ಎಂಟು ತಿಂಗಳು. ಎರಡು ತಿಂಗಳ ಮರಿಯಾಗಿದ್ದಾಗ ‘ಪ್ಯೂರ್ ಪರ್ಷಿಯನ್, ಸೆಮಿ ಪಂಚ್, ಟ್ರಿಪಲ್ ಕೋಟ್, ಬ್ಲ್ಯಾಕ್ ಕಲರ್’ ಅಂತ ಹೇಳಿ ಕೊಟ್ಟರು. ಕಾಗದಪತ್ರ ಏನೂ ಕೊಡಲಿಲ್ಲ. ಆಗ ಪೂರ್ತಿ ಕಪ್ಪಗಿತ್ತು. ಈಗ ಕತ್ತಿನ ಸುತ್ತ ಬೆಳ್ಳಿಯಂಥ ಕೂದಲು ಬಂದಿದೆ. ನಡೆಯುವಾಗ ಮೈಯೊಳಗಿನಿಂದ ಬಿಳಿ ಇಣುಕುತ್ತದೆ. ಮುಖ, ಕಾಲು ಮಾತ್ರ ಕಪ್ಪು. ಕಣ್ಣು ತಾಮ್ರದ ಬಣ್ಣ. ಒಬ್ಬರು ಇದು ಮಿಕ್ಸ್ ಅಂತಾರೆ, ಇನ್ನೊಬ್ಬರು ಹಿಮಾಲಯನ್ ಅಂತಾರೆ. ನಿಜಕ್ಕೂ ಇದು ಯಾವ ತಳಿ, ಯಾವ ಬಣ್ಣ? ಮೂರು ಫೋಟೊ ಕಳಿಸಿದ್ದೇನೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಬಣ್ಣದ ವಿಷಯ ಮುಗಿಸೋಣ. ಅದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ನಿಮ್ಮ ಬೆಕ್ಕು ಬ್ಲ್ಯಾಕ್ ಸ್ಮೋಕ್. ಬರೀ ಬ್ಲ್ಯಾಕ್ ಅಲ್ಲ, ಹಿಮಾಲಯನ್ ಅಂತೂ ಖಂಡಿತ ಅಲ್ಲ; ಕಿವಿ, ಮೂಗು, ಬಾಲ, ಪಾದ ಮಾತ್ರ ಗಾಢವಾಗಿರುವ ಆ ಬೆಕ್ಕಿಗೆ ಕಣ್ಣು ನೀಲಿ.

ನೀವೇ ಪರೀಕ್ಷೆ ಮಾಡಿ ನೋಡಿ. ಬೆಳಗಿನ ಹೊತ್ತು ಕಿಟಕಿ ಹತ್ತಿರ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಟ್ಯೂಬ್‌ಲೈಟ್ ಬೆಳಕು ಬೇಡ, ಅದರಲ್ಲಿ ಬಣ್ಣ ಮೋಸ ಮಾಡುತ್ತದೆ. ಭುಜದ ಹತ್ತಿರ ಬಾಚಣಿಗೆಯಿಂದ ಬೈತಲೆ ತೆಗೆದ ಹಾಗೆ ಕೂದಲನ್ನು ಎರಡು ಕಡೆಗೆ ಸರಿಸಿ, ಚರ್ಮ ಕಾಣುವವರೆಗೂ. ಆಮೇಲೆ ಬಾಚಣಿಗೆಗೆ ಸಿಕ್ಕಿಕೊಂಡ ನಾಲ್ಕಾರು ಉದ್ದ ಕೂದಲನ್ನು ತೆಗೆದು ಕಪ್ಪು ಬಟ್ಟೆಯ ಮೇಲೆ ಇಡಿ. ಕೂದಲಿನ ಬುಡ ಬೆಳ್ಳಗೆ ಹೊಳೆಯುತ್ತದೆ, ತುದಿ ಬಟ್ಟೆಯಲ್ಲಿ ಕರಗಿಹೋಗುತ್ತದೆ. ಅದೇ ಕೂದಲನ್ನು ಬಿಳಿ ಹಾಳೆಯ ಮೇಲೆ ಇಟ್ಟರೆ ಉಲ್ಟಾ: ತುದಿ ಕಾಣುತ್ತದೆ, ಬುಡ ಮಾಯ. ಒಂದೇ ಎಳೆಯಲ್ಲಿ ಎರಡು ಬಣ್ಣ. ಸ್ಮೋಕ್ ಅಂದರೆ ಇದೇ.

ಬೆಕ್ಕಿನ ಮೈಬಣ್ಣ ಕೂದಲಿನ ತುದಿಯಲ್ಲಿ ಗೊತ್ತಾಗುವುದಿಲ್ಲ, ಬುಡ ನೋಡಬೇಕು. ಪೂರ್ತಿ ಕಪ್ಪು ಬೆಕ್ಕಿಗೆ ಬುಡದ ತನಕ ಗಾಢ ಬಣ್ಣವೇ ಇರುತ್ತದೆ. ಬಿಸಿಲಿಗೆ ಮಲಗಿ ಮಲಗಿ ತುದಿ ಕೆಂಪಗಾಗಬಹುದು, ಬುಡ ಬಿಳಿಯಾಗುವುದಿಲ್ಲ. ಸ್ಮೋಕ್‌ನಲ್ಲಿ ಎಳೆಯ ಸುಮಾರು ಅರ್ಧ ಭಾಗ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಬಣ್ಣದ್ದು. ಉಳಿದದ್ದು ಬಿಳಿ. ಬಣ್ಣದ ಭಾಗ ಇನ್ನೂ ಕಮ್ಮಿಯಾದರೆ ಅದಕ್ಕೆ ಶೇಡೆಡ್ ಸಿಲ್ವರ್ ಅನ್ನುತ್ತಾರೆ. ಬರೀ ತುದಿಗೆ ಮಸಿ ಮುಟ್ಟಿಸಿದಷ್ಟೇ ಇದ್ದರೆ ಚಿಂಚಿಲಾ. ಚಿಂಚಿಲಾ ಪರ್ಷಿಯನ್‌ಗೆ ಕಣ್ಣು ಹಸಿರು, ಕಣ್ಣಿನ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಗೆರೆ, ಮೂಗಿನ ತುದಿ ಇಟ್ಟಿಗೆ ಕೆಂಪು. ನಿಮ್ಮ ಬೆಕ್ಕಿನ ಮೂಗು ಕಪ್ಪು, ಕಣ್ಣು ತಾಮ್ರ. ಆದ್ದರಿಂದ ಅದೂ ಅಲ್ಲ.

‘ಒಳಗೆ ಬಿಳಿ ಇದೆ, ಅದಕ್ಕೇ ಮಿಕ್ಸ್’ ಅನ್ನುವ ಮಾತು ತಪ್ಪು. ಬುಡ ಬೆಳ್ಳಗಾಗುವುದು ಸಿಲ್ವರ್ ಗುಣದಿಂದ. ಇದು ಪ್ರಬಲ ಗುಣ. ಅಪ್ಪ ಅಮ್ಮನಲ್ಲಿ ಒಬ್ಬರಿಗಾದರೂ ಇರಲೇಬೇಕು. ಕಪ್ಪು ಸ್ಮೋಕ್ ಮರಿ ಹುಟ್ಟಿದಾಗ ಹೆಚ್ಚುಕಮ್ಮಿ ಕಪ್ಪಗೇ ಕಾಣುತ್ತದೆ. ತಿಂಗಳು ಕಳೆದಂತೆ ಒಳಗಿನ ಬಿಳಿ ಬಿಚ್ಚಿಕೊಳ್ಳುತ್ತದೆ. ಮಾರಿದವರು ಬೇಕಂತಲೇ ಸುಳ್ಳು ಹೇಳಿರಲಿಕ್ಕಿಲ್ಲ. ಎರಡು ತಿಂಗಳ ಮರಿಯಲ್ಲಿ ಇದನ್ನು ಗುರುತಿಸಲು ಅನುಭವ ಬೇಕು. ಚೆನ್ನಾಗಿ ಬೆಳೆದ ಸ್ಮೋಕ್ ಪರ್ಷಿಯನ್ ಸುಮ್ನೆ ಕೂತಾಗ ಕಪ್ಪು ಬೆಕ್ಕು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮೈತುಂಬ ಬೆಳ್ಳಿ. ನನಗೆ ಪರ್ಷಿಯನ್ ಬಣ್ಣಗಳಲ್ಲೇ ಇದು ಅತಿ ಪ್ರಿಯ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಇನ್ನು ತಳಿ. ಇಲ್ಲಿ ನಾನು ಅಷ್ಟು ಧೈರ್ಯದಿಂದ ಮಾತಾಡಲಾರೆ.

ಉದ್ದ ಕೂದಲನ್ನು ನೋಡಿ ಪರ್ಷಿಯನ್ ಅನ್ನುವ ಹಾಗಿಲ್ಲ. ಕೂದಲನ್ನು ಉದ್ದ ಮಾಡುವುದು ಎಫ್‌ಜಿಎಫ್5 ಅನ್ನುವ ಒಂದು ಜೀನ್‌ನಲ್ಲಾದ ಬದಲಾವಣೆ. ಅದು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕೂದಲು ಉದ್ದ. ಪರ್ಷಿಯನ್ನನ್ನು ನಾಟಿ ಬೆಕ್ಕಿಗೆ ಕೂಡಿಸಿದರೆ ಮರಿಗಳಿಗೆ ಸಾಮಾನ್ಯವಾಗಿ ಗಿಡ್ಡ ಕೂದಲೇ ಬರುತ್ತದೆ. ಆ ಮರಿಗಳನ್ನು ಮತ್ತೆ ಉದ್ದ ಕೂದಲಿನ ಬೆಕ್ಕಿಗೆ ಕೂಡಿಸಿದರೆ ಮೊಮ್ಮಕ್ಕಳಲ್ಲಿ ಅರ್ಧದಷ್ಟು ಉದ್ದ ಕೂದಲಿನವು. ಕೂದಲು ನೋಡಿದರೆ ಪರ್ಷಿಯನ್, ಕಾಲು ನೋಡಿದರೆ ನಾಟಿ. ಹೀಗಾಗಿಯೇ ಇಂಥ ಬೆಕ್ಕುಗಳು ನಮ್ಮಲ್ಲಿ ಇಷ್ಟೊಂದು. ‘ಟ್ರಿಪಲ್ ಕೋಟ್’ ಅನ್ನುವುದು ಮಾರಾಟದ ಮಾತು ಅಷ್ಟೇ. ಅದು ತಳಿಯ ಗುರುತಲ್ಲ. ಅದಕ್ಕೆ ಜಾಸ್ತಿ ದುಡ್ಡು ಕೊಟ್ಟಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಬಹಳ ಜನ ಕೊಟ್ಟಿದ್ದಾರೆ.

ತಳಿ ಕಾಣುವುದು ಮೂಳೆಯಲ್ಲಿ. ಸ್ನಾನ ಮಾಡಿಸಿ ಮೈ ಒದ್ದೆ ಇದ್ದಾಗ ನೋಡಿ, ಆಗ ಕೂದಲಿನ ಮರೆ ಇರುವುದಿಲ್ಲ. ಪರ್ಷಿಯನ್‌ನ ಮೈ ಗಿಡ್ಡ, ಗಟ್ಟಿ. ಕಾಲು ಗಿಡ್ಡ, ದಪ್ಪ. ಎದೆ ಅಗಲ. ಬಾಲ ಮೈಯ ಅಳತೆಗೆ ಹೋಲಿಸಿದರೆ ಚಿಕ್ಕದು. ತಲೆ ದುಂಡು, ಕೆನ್ನೆ ತುಂಬಿದ್ದು. ಕಿವಿ ಚಿಕ್ಕದು, ತುದಿ ದುಂಡು, ಒಂದಕ್ಕೊಂದು ದೂರ. ಕಿವಿ ದೊಡ್ಡದಾಗಿ ನೆಟ್ಟಗೆ ನಿಂತು, ಮುಖ ಮೂರು ಮೂಲೆಯಾಗಿದ್ದರೆ ಅನುಮಾನ ಪಡಬೇಕು.

ನಿಮ್ಮ ಫೋಟೊಗಳಲ್ಲಿ ಎದುರಿನಿಂದ ತೆಗೆದದ್ದು ಚೆನ್ನಾಗಿದೆ. ಕಿವಿ ಚಿಕ್ಕದು, ದೂರ ದೂರ ಇದೆ. ಕಣ್ಣು ದುಂಡಗೆ, ದೊಡ್ಡದಾಗಿದೆ. ಪಕ್ಕದಿಂದ ತೆಗೆದದ್ದರಲ್ಲಿ ಮೂಗಿನ ಮೇಲೆ, ಕಣ್ಣುಗಳ ನಡುವೆ, ಒಂದು ತಗ್ಗು ಕಾಣುತ್ತದೆ. ನಮ್ಮಲ್ಲಿ ಮಾರುವವರು ‘ಸೆಮಿ ಪಂಚ್’ ಅನ್ನುವುದು ಇದಕ್ಕೇ. ತಗ್ಗು ಇಲ್ಲದೆ ಮೂಗು ಸ್ವಲ್ಪ ಉದ್ದಕ್ಕೆ ಇಳಿದಿದ್ದರೆ ‘ಡಾಲ್ ಫೇಸ್’, ಪೂರ್ತಿ ಚಪ್ಪಟೆಯಾಗಿದ್ದರೆ ‘ಪಂಚ್ ಫೇಸ್’. ಇವು ಮೂರು ಬೇರೆ ತಳಿಗಳಲ್ಲ, ಒಂದೇ ತಳಿಯ ಮೂರು ಮುಖ. ಆದರೆ ಮೂರನೇ ಫೋಟೊದಲ್ಲಿ, ಬೆಕ್ಕು ಕಿಟಕಿಯ ಮೇಲೆ ನಿಂತಿರುವಾಗ, ಹಿಂಗಾಲು ಪರ್ಷಿಯನ್‌ಗೆ ಇರಬೇಕಾದ್ದಕ್ಕಿಂತ ಉದ್ದ ಅನ್ನಿಸಿತು. ಎಂಟು ತಿಂಗಳ ಗಂಡು ಇನ್ನೂ ಬೆಳೆಯುತ್ತಿದೆ, ಮೈ ತುಂಬಿಕೊಂಡರೆ ಈ ಅನಿಸಿಕೆ ಬದಲಾಗಬಹುದು. ಸದ್ಯಕ್ಕೆ ನಾನು ಬರೆಯುವುದು ಇಷ್ಟು: ಪರ್ಷಿಯನ್ ಲಕ್ಷಣ ಎದ್ದು ಕಾಣುವ ಬೆಕ್ಕು, ಬ್ಲ್ಯಾಕ್ ಸ್ಮೋಕ್. ‘ಪ್ಯೂರ್’ ಅನ್ನುವ ಪದವನ್ನು ಅಪ್ಪ, ಅಮ್ಮ, ಅಜ್ಜ, ಅಜ್ಜಿಯ ಹೆಸರಿರುವ ವಂಶಾವಳಿ ಪತ್ರ ಇಲ್ಲದೆ ಯಾರೂ ಬಳಸಬಾರದು. ಫೋಟೊ ನೋಡಿ ನಾನೂ ಬಳಸುವುದಿಲ್ಲ.

‘ಪರ್ಷಿಯಾದ ರಕ್ತ’ ಅನ್ನುವ ಮಾತೂ ಅಷ್ಟು ಸರಳ ಅಲ್ಲ. ಇಟಲಿಯ ಯಾತ್ರಿಕ ಪಿಯೆತ್ರೊ ಡೆಲ್ಲಾ ವಾಲೆ 1620ರ ಸುಮಾರಿಗೆ ಖುರಾಸಾನದ ಉದ್ದ ಕೂದಲಿನ ಬೆಕ್ಕುಗಳ ಬಗ್ಗೆ ಬರೆದಿದ್ದು ನಿಜ. ಆದರೆ ಇಂದಿನ ದುಂಡು ಮುಖದ ಪರ್ಷಿಯನ್ ರೂಪುಗೊಂಡದ್ದು ಮುಖ್ಯವಾಗಿ ಇಂಗ್ಲೆಂಡಿನಲ್ಲಿ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹ್ಯಾರಿಸನ್ ವೇರ್ ಬೆಕ್ಕಿನ ಪ್ರದರ್ಶನ ನಡೆಸಿದ ಮೇಲಿನ ದಶಕಗಳಲ್ಲಿ. ಡಿಎನ್ಎ ನೋಡಿದರೆ ಇವು ಇರಾನಿನ ಕಡೆಯ ಬೆಕ್ಕುಗಳಿಗಿಂತ ಪಶ್ಚಿಮ ಯುರೋಪಿನವಕ್ಕೆ ಹತ್ತಿರ.

ಒಂದು ವಿಷಯ ಮಾತ್ರ ದಯವಿಟ್ಟು ಮುಂದಕ್ಕೆ ಹಾಕಬೇಡಿ. ಪರ್ಷಿಯನ್ ರಕ್ತ ಇರುವ ಬೆಕ್ಕಿಗೆ ಪಿಕೆಡಿ ಅನ್ನುವ ಮೂತ್ರಪಿಂಡದ ಕಾಯಿಲೆ ಬರುವ ಸಾಧ್ಯತೆ ಇದೆ. ಕಿಡ್ನಿಯಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳು ಹುಟ್ಟಿನಿಂದಲೇ ಇದ್ದು, ವರ್ಷಗಳಲ್ಲಿ ದೊಡ್ಡದಾಗುತ್ತವೆ. ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದರೂ ಸಾಕು, ಹಾಗಾಗಿ ಮಿಕ್ಸ್ ಆದರೂ ಬಿಡುವುದಿಲ್ಲ. ಹಿಂದೆ ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆ ಮಾಡಿದಾಗ ಮೂರು ಪರ್ಷಿಯನ್‌ಗಳಲ್ಲಿ ಒಂದಕ್ಕಿಂತ ಹೆಚ್ಚಿಗೆ ಇದು ಕಂಡುಬಂದಿತ್ತು. ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ತೆಗೆದ ಎಂಜಲು ಅಥವಾ ರಕ್ತದಿಂದ ಡಿಎನ್ಎ ಪರೀಕ್ಷೆ ಆಗುತ್ತದೆ. ಇಲ್ಲವಾದರೆ ಹತ್ತು ತಿಂಗಳು ತುಂಬಿದ ಮೇಲೆ ಅಲ್ಟ್ರಾಸೌಂಡ್ ಮಾಡಿಸಿ. ನಿಮ್ಮ ಬೆಕ್ಕಿಗೆ ಇನ್ನೆರಡು ತಿಂಗಳು ಇದೆ, ಈಗಲೇ ದಿನ ಗೊತ್ತು ಮಾಡಿಕೊಳ್ಳಿ. ತಳಿಯ ಹೆಸರಿಗಿಂತ ಈ ಪರೀಕ್ಷೆ ನಿಮ್ಮ ಬೆಕ್ಕಿಗೆ ಜಾಸ್ತಿ ಉಪಯೋಗ.

ಪ್ರಶ್ನೆ: ಮಂಗಳೂರಿನಲ್ಲಿ ‘ಪ್ಯೂರ್ ವೈಟ್ ಪರ್ಷಿಯನ್’ ಅಂತ ಒಂದೂವರೆ ತಿಂಗಳ ಮರಿ ತಂದೆವು. ಈಗ ಮಡಿಕೇರಿಗೆ ಬಂದು ಎರಡು ತಿಂಗಳು. ಕಿವಿ, ಮೂಗು, ಬಾಲ, ಪಾದ ದಿನೇ ದಿನೇ ಕಂದು ಬಣ್ಣಕ್ಕೆ ತಿರುಗುತ್ತಿವೆ. ಕಣ್ಣು ನೀಲಿ. ಫಂಗಸ್ ಇರಬಹುದಾ ಅಂತ ಭಯ. ಬಣ್ಣ ಹಾಕಿ ಮಾರಿದ್ದಾರಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಬಣ್ಣ ಹಾಕಿಲ್ಲ, ಈಗಷ್ಟೇ ಬರುತ್ತಿದೆ. ನಿಮ್ಮ ಮರಿ ಬಿಳಿ ಪರ್ಷಿಯನ್ ಅಲ್ಲ, ಕಲರ್‌ಪಾಯಿಂಟ್. ಹಿಮಾಲಯನ್ ಅನ್ನುವುದು ಇದನ್ನೇ.

ಈ ಮರಿಗಳ ಮೈಯಲ್ಲಿ ಬಣ್ಣ ತಯಾರಿಸುವ ಕಿಣ್ವ ಬಿಸಿಗೆ ಕೆಲಸ ಮಾಡುವುದಿಲ್ಲ. ತಾಯಿಯ ಹೊಟ್ಟೆ ಬೆಚ್ಚಗಿರುತ್ತದೆ, ಆದ್ದರಿಂದ ಎಲ್ಲವೂ ಬೆಳ್ಳಗೆ ಹುಟ್ಟುತ್ತವೆ. ಹುಟ್ಟಿದ ಮೇಲೆ ಮೈಯಲ್ಲಿ ತಣ್ಣಗಿರುವ ಜಾಗಗಳಲ್ಲಿ ಮಾತ್ರ ಬಣ್ಣ ಏಳುತ್ತದೆ. ಬೆಕ್ಕಿನ ಕಿವಿ ಮುಟ್ಟಿ ನೋಡಿ, ಆಮೇಲೆ ಹೊಟ್ಟೆ ಮುಟ್ಟಿ. ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಕರಾವಳಿಯ ಸೆಕೆ ಬಿಟ್ಟು ಮಡಿಕೇರಿಯ ಚಳಿಗೆ ಬಂದದ್ದರಿಂದ ಬಣ್ಣ ಇನ್ನಷ್ಟು ಗಾಢವಾಗಬಹುದು. ವಯಸ್ಸಾದಂತೆ ಬೆನ್ನೂ ಸ್ವಲ್ಪ ಮಬ್ಬಾಗುತ್ತದೆ.

ಇಂಥ ಬೆಕ್ಕಿಗೆ ಮುಂದೆ ಸಂತಾನಹರಣ ಚಿಕಿತ್ಸೆ ಮಾಡಿಸುವಾಗ ಹೊಟ್ಟೆಯ ಅಥವಾ ಪಕ್ಕೆಯ ಕೂದಲು ಬೋಳಿಸಿದರೆ ಆ ಜಾಗದಲ್ಲಿ ಹೊಸ ಕೂದಲು ಕಪ್ಪಗೆ ಬರಬಹುದು. ಬೋಳಿಸಿದ ಚರ್ಮ ತಣ್ಣಗಿರುತ್ತದಲ್ವಾ, ಅದಕ್ಕೆ. ನನ್ನ ಕ್ಲಿನಿಕ್ಕಿಗೆ ಒಬ್ಬ ತಾಯಿ ಇದೇ ಕಾರಣಕ್ಕೆ ಅಳುತ್ತಾ ಬಂದಿದ್ದರು, ಔಷಧಿಯಿಂದ ಸುಟ್ಟಿದೆ ಅಂದುಕೊಂಡು. ಪಕ್ಕೆಯ ಮೇಲೆ ಅಂಗೈ ಅಗಲದ ಚೌಕ, ಗೆರೆ ಎಳೆದ ಹಾಗೆ. ಮುಂದಿನ ಸಲ ಕೂದಲು ಉದುರಿ ಹೊಸದು ಬಂದಾಗ ಅದು ತಾನಾಗಿ ಹೋಯಿತು.

ಬಣ್ಣಕ್ಕೂ ಫಂಗಸ್ಸಿಗೂ ವ್ಯತ್ಯಾಸ ಸುಲಭ. ಫಂಗಸ್ ಆದರೆ ಕೂದಲು ತುಂಡಾಗಿ ಉದುರುತ್ತದೆ, ಹೊಟ್ಟು ಏಳುತ್ತದೆ, ಅಲ್ಲಲ್ಲಿ ಬೋಳು ತೇಪೆ ಕಾಣುತ್ತದೆ. ನಿಮ್ಮ ಮರಿಯ ಕೂದಲು ಗಟ್ಟಿಯಾಗಿದ್ದು ಎರಡೂ ಕಿವಿ ಒಂದೇ ಸಮ ಕಂದಾಗುತ್ತಿದ್ದರೆ ಚಿಂತೆ ಬೇಡ. ಉದ್ದ ಕೂದಲಿನ ಬೆಕ್ಕುಗಳಿಗೆ ಫಂಗಸ್ ಬೇಗ ತಗಲುತ್ತದೆ, ಮನುಷ್ಯರಿಗೂ ಹರಡುತ್ತದೆ. ಅನುಮಾನ ಇದ್ದರೆ ಒಮ್ಮೆ ತೋರಿಸಿ.

ಹೆಸರಿನ ಬಗ್ಗೆ ಒಂದು ಮಾತು. ಹಿಮಾಲಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದೇ ರೀತಿ ಕಿವಿ, ಮೂಗು ಕಪ್ಪಗಿರುವ ಹಿಮಾಲಯನ್ ಮೊಲದಿಂದ ಹೆಸರು ಬಂತು. 1930ರ ದಶಕದಲ್ಲಿ ಅಮೆರಿಕದಲ್ಲಿ ಸಯಾಮೀಸ್ ಮತ್ತು ಪರ್ಷಿಯನ್ ಬೆಕ್ಕುಗಳನ್ನು ಕೂಡಿಸಿ ಇದನ್ನು ಬೆಳೆಸಿದರು. ಅಲ್ಲಿ ಬೆಕ್ಕಿನ ತಳಿಗಳನ್ನು ನೋಂದಾಯಿಸುವ ಸಿಎಫ್ಎ ಸಂಸ್ಥೆ 1957ರಲ್ಲಿ ಇದನ್ನು ಬೇರೆ ತಳಿ ಅಂತ ಒಪ್ಪಿಕೊಂಡು, 1984ರಲ್ಲಿ ಪರ್ಷಿಯನ್ ತಳಿಯ ಒಳಗೇ ಸೇರಿಸಿತು. ಹಾಗಾಗಿ ‘ಪರ್ಷಿಯನ್’ ಅಂದದ್ದು ಪೂರ್ತಿ ತಪ್ಪಲ್ಲ, ‘ವೈಟ್’ ಅಂದದ್ದು ತಪ್ಪು. ನೀಲಿ ಕಣ್ಣು ಹಾಗೇ ಉಳಿಯುತ್ತದೆ.

ಪ್ರಶ್ನೆ: ಕಪ್ಪು, ಕೇಸರಿ, ಬಿಳಿ ಮೂರೂ ಬಣ್ಣ ಇರುವ ಗಂಡು ಪರ್ಷಿಯನ್ ಮರಿ ಇದೆ, ತುಂಬಾ ಅಪರೂಪ ಅಂತ ಹೇಳಿ ಎರಡರಷ್ಟು ರೇಟು ಕೇಳುತ್ತಿದ್ದಾರೆ. ಮುಂದೆ ಬ್ರೀಡಿಂಗ್ ಮಾಡಿಸಬಹುದು ಅಂತಲೂ ಹೇಳಿದರು. ತಗೊಳ್ಳಬಹುದಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅದು ಹೆಣ್ಣು ಮರಿ ಇರುವ ಸಾಧ್ಯತೆಯೇ ಜಾಸ್ತಿ. ಕೇಸರಿ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಕೇಸರಿ, ಕಪ್ಪು ಎರಡೂ ಒಟ್ಟಿಗೆ ಬರಬೇಕಾದರೆ ಎರಡು ಎಕ್ಸ್ ಬೇಕು. ಗಂಡಿಗೆ ಇರುವುದು ಒಂದೇ. ನಿಜಕ್ಕೂ ಗಂಡಾಗಿದ್ದರೆ ಸಾಮಾನ್ಯವಾಗಿ ಅದಕ್ಕೆ ಒಂದು ಎಕ್ಸ್ ಹೆಚ್ಚಿಗೆ ಇರುತ್ತದೆ. ಅಂಥ ಗಂಡಿಗೆ ಮರಿ ಆಗುವುದು ತೀರಾ ವಿರಳ. ಬ್ರೀಡಿಂಗ್ ಲೆಕ್ಕದಲ್ಲಿ ಎರಡರಷ್ಟು ದುಡ್ಡು ಕೊಡುವುದು ಬೇಡವೇ ಬೇಡ.

ಪರ್ಷಿಯನ್ ಮರಿಗಳಲ್ಲಿ ಕೂದಲು ದಟ್ಟ, ಹಾಗಾಗಿ ಗಂಡು ಹೆಣ್ಣು ತಪ್ಪು ಹೇಳುವುದು ದಿನನಿತ್ಯದ ಸಂಗತಿ. ಬಾಲ ಮೆಲ್ಲಗೆ ಎತ್ತಿ, ಕೂದಲು ಸರಿಸಿ ನೋಡಿ. ಮಲದ್ವಾರದ ಕೆಳಗೆ ತೀರಾ ಹತ್ತಿರದಲ್ಲೇ ಉದ್ದನೆಯ ಸಣ್ಣ ಗೀರು ಇದ್ದರೆ ಹೆಣ್ಣು. ಸ್ವಲ್ಪ ದೂರದಲ್ಲಿ ದುಂಡನೆಯ ಚುಕ್ಕಿ ಇದ್ದು, ನಡುವೆ ಎರಡು ಕಾಳು ಬೆರಳಿಗೆ ಸಿಕ್ಕರೆ ಗಂಡು. ಎರಡು ತಿಂಗಳ ಒಳಗಿನ ಮರಿಯಾದರೆ ಕಾಳು ಇನ್ನೂ ಸಿಗದಿರಬಹುದು, ಆಗ ದೂರವನ್ನೇ ನೋಡಿ. ಅದೇ ಮನೆಯಲ್ಲಿ ಪೂರ್ತಿ ಕೇಸರಿ ಬಣ್ಣದ ಗಂಡು ಮರಿ ಇದ್ದರೆ ಪಕ್ಕಪಕ್ಕ ಹಿಡಿದು ಹೋಲಿಸಿ, ಒಂದೇ ನೋಟಕ್ಕೆ ತಿಳಿಯುತ್ತದೆ. ಹೆಣ್ಣು ಅಂತ ಗೊತ್ತಾಗಿ, ಮರಿ ಚುರುಕಾಗಿದ್ದು ನಿಮಗೆ ಇಷ್ಟವೂ ಆಗಿದ್ದರೆ, ಉಳಿದ ಮರಿಗಳ ರೇಟಿಗೇ ಕೇಳಿ.