ನಾಲಾ ನೀರಿನ ಬದನಿಗೆ ಜಿಬ್ಬರ್ಲಿಕ್ ಹೊಡೀಬೇಕೋ ಬ್ಯಾಡೋ?

ಗಟಾರ ನೀರು ಹಾಯಿಸಿದ ಬದನಿ ಎಲಿ ಅಂಚು ಸುಡಾಕತ್ತಾವ, ಅಂಗಡಿಯವ ಜಿಬ್ಬರ್ಲಿಕ್ ಆಸಿಡ್ ಹೊಡೀರಿ ಗಿಡ ತಡಕೋತಾವ ಅಂತಾನ, ಖರೇ ಏನು ಅಂತ ಕೇಳೀರಿ. ನಂದೂ ಹುಬ್ಬಳ್ಳಿ ನಾಲಾದ ಕೆಳಗ ಗಬ್ಬೂರ ಕಡೆ ಎರಡು ಎಕರೆ ಐತಿ, ಹಂಗಾಗಿ ಹೇಳ್ತೇನಿ, ಅದೊಂದು ಹೊಡೀಬ್ಯಾಡ್ರಿ.

ನಾ ಹೊಡದು ಕೈ ಸುಟ್ಕೊಂಡೀನಿ. ನಾಲಾ ನೀರಾಗ ಮೊದಲ ಸಾರಜನಕ ಬೇಕಾದಷ್ಟು ಇರ್ತೈತಿ, ಯೂರಿಯಾ ಚೀಲ ಬಿಚ್ಚೂದ ಕಡಿಮಿ, ಗಿಡ ಬರೇ ಎಲಿ ಬಿಡ್ತಾ ಹೋಗ್ತಾವ, ಅದರ ಮ್ಯಾಲ ಜಿಬ್ಬರ್ಲಿಕ್‌ನಂಥ ಉದ್ದ ಬೆಳಸೋ ಹಾರ್ಮೋನ್ ಬಿದ್ರ ಏನಾಗಬೇಕು? ಎದಿಮಟ ಬೆಳದು ಹೂವೆಲ್ಲಾ ಉದರಿ ಎಲಿ ಹಿಂದ ಬಿಳಿನೊಣ ತುಂಬಿದ್ವು. ನಮ್ಮವ್ವ ನೋಡಿ ಇದೇನ್ ಬದನಿನೋ ತೊಗರಿನೋ ಅಂದ್ಲು.

ಎಲಿ ಅಂಚು ಸುಡೂದು ನೀರಿನ ಉಪ್ಪಿನಿಂದ ಇದ್ರ, ಆ ಕಾಟಕ್ಕ ಸ್ವಲ್ಪ ಉಪಯೋಗ ಆಗೂದು ಸ್ಯಾಲಿಸಿಲಿಕ್ ಆಸಿಡ್. ಗಿಡ ತಾನ ಮಾಡ್ಕೊಳ್ಳೋ ಹಾರ್ಮೋನ್ ಅದು, ಹೊರಗಿಂದ ಚೂರ ಕೊಟ್ರ ಎಲಿಯೊಳಗಿನ ರಕ್ಷಣಾ ಕಿಣ್ವ ಚುರುಕ ಆಗ್ತಾವ. ಚೂರ ಅಂದ್ರ ಖರೇನ ಚೂರ, 0.5 ಮಿಲಿಮೋಲಾರ್, ಅಂದ್ರ ಲೀಟರಿಗೆ ಸುಮಾರು 70 ಮಿಲಿಗ್ರಾಮ್, 15 ಲೀಟರಿನ ಪಂಪಿಗೆ 1 ಗ್ರಾಮ್ ಅಷ್ಟ. ಜಾಸ್ತಿ ಆದ್ರ ಅದ ಎಲಿ ಸುಡ್ತೈತಿ. ತಣ್ಣೀರಾಗ ಸುರುವಿದ್ರ ಹಿಟ್ಟಿನಂಗ ಮ್ಯಾಲ ತೇಲಿ ನಾಝಲ್ ಕಟ್ಟತೈತಿ, ಮೊದಲ ಚೂರ ಸ್ಪಿರಿಟ್‌ನ್ಯಾಗ ಕರಗಿಸ್ಕೊಳ್ರಿ. ಸಂಜೀಮುಂದ ನಾಲ್ಕ ಸಾಲಿಗೆ ಹೊಡದು ಒಂದ ವಾರ ನೋಡ್ರಿ, ಆಮ್ಯಾಲ ಉಳಿದದ್ದು.

ಆದ್ರ ಇದಕ್ಕೂ ಮೊದಲ ನೀರಿನ ಇಸಿ ಟೆಸ್ಟ್ ಮಾಡ್ಸ್ರಿ, ನೀರಾಗ ಉಪ್ಪು ಎಷ್ಟೈತಿ ಅಂತ ಅದರಾಗ ಗೊತ್ತಾಗತೈತಿ. ರಿಪೋರ್ಟಿನ್ಯಾಗ ಡೆಸಿಸೀಮನ್ಸ್ ಅಂತ ಇರ್ತೈತಿ, 0.7 ಒಳಗಿದ್ರ ಉಪ್ಪಿನ ಚಿಂತಿ ಇಲ್ಲ, 3 ದಾಟಿದ್ರ ಎಂಥಾ ಹಾರ್ಮೋನ್ ತಂದ್ರೂ ಬಗ್ಗೂದಿಲ್ಲ. ಏರಿ ಮ್ಯಾಲ ಮುಂಜಾನೆ ಸುಣ್ಣ ಬಳದಂಗ ಬಿಳೀ ಪದರ ಕಾಣತೈತೇನು? ಹಂಗಿದ್ರ ಬ್ಯಾರೆ ನೀರು ಬೆರಸೂದ ದಾರಿ, ನಮ್ಮ ಕಡೆ ಬೋರಿನ ನೀರೂ ಎಷ್ಟೋ ಕಡೆ ಸವಳ, ಅದನ್ನೂ ಟೆಸ್ಟಿಗೆ ಕೊಡ್ರಿ. ಎರಿ ಹೊಲದಾಗ ಸೋಡಿಯಂ ಕೂತು ನೀರು ಇಂಗೂದು ನಿಂತಿದ್ರ ಜಿಪ್ಸಂ ಬೇಕಾಗತೈತಿ, ಅದು ಮಣ್ಣಿನ ರಿಪೋರ್ಟ್ ನೋಡಿ.

ಇನ್ನೊಂದು ಯಾರೂ ಹೇಳೂದಿಲ್ಲ, ಗಿಡ ಹಸರ ಆತು ಅಂದ್ರ ಕಾಯಿ ಚೊಕ್ಕ ಆತು ಅಂತ ಅಲ್ಲ. ನೀರಾಗ ಕ್ಯಾಡ್ಮಿಯಂ ಅನ್ನೋ ವಿಷದ ಲೋಹ ಇದ್ರ ಹಾರ್ಮೋನ್ ಅದನ್ನ ತಗದು ಹಾಕೂದಿಲ್ಲ, ಜಂತಿನ ತತ್ತಿನೂ ಸಾಯೂದಿಲ್ಲ. ಪಾಲಕದಂಥ ಸೊಪ್ಪಿನ ಎಲಿಯಾಗ ಕ್ಯಾಡ್ಮಿಯಂ ಹೆಚ್ಚ ಸೇರತೈತಿ, ಕೊತ್ತಂಬರಿ ಅಂತೂ ಮಂದಿ ಹಸೀನ ತಿಂತಾರ. ನಾ ನಾಲಾ ದಂಡಿ ಪಟ್ಟಿಗೆ ಎರಡೂ ಹಾಕೂದು ಬಿಟ್ಟೀನಿ, ಈ ಸಲ ಅಲ್ಲಿ ಮೇವಿನ ಜೋಳ.